ಕಾಲು ತೊಳೆದು ಒಳಗೆ ಬಾ

ಮೊಮ್ಮಕ್ಕಳೇ, ಆಪ್ತಸಮಾಲೋಚನೆ ಓದುತ್ತಿರುವ ನಿಮ್ಮಲ್ಲೊಬ್ಬಳು ಮೊನ್ನೆ ಫೋನಿನಲ್ಲಿ, "ಅಜ್ಜಿ, ಇನ್ನೊಬ್ಬರ ಕಷ್ಟ ಕೇಳಾಕ ನನ್ನ ಕೈಲೆ ಆಗವಲ್ದು" ಎಂದು ಅತ್ತಳು. ಅವಳಿಗೆ ಹೇಳಬೇಕಾದ್ದನ್ನು ನಿಮಗೆಲ್ಲ ಬರೆಯುತ್ತಿದ್ದೇನೆ.

ಕನ್ನಡ ನಾಡು ಒಂದಾದ ವರ್ಷ. ಡಂಬಳದ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದ ನಾನು ಗ್ರಾಮಸೇವಿಕೆ ತರಬೇತಿಗೆ ಗದಗಿಗೆ ಬಂದು, ಬೆಟಗೇರಿಯ ನೇಕಾರರ ಮನೆಯೊಂದರಲ್ಲಿ ಇಳಿದುಕೊಂಡೆ. ಮನೆಯೊಡತಿ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ದಿನಕ್ಕೆ ಆರು ಮನೆಗೆ ಹೋಗಿ ಹೆಂಗಸರ ಕಷ್ಟ ಕೇಳಿ ವಹಿಯಲ್ಲಿ ಬರೆಯುವುದು ನಮ್ಮ ಪಾಠ. ಯಾರ ಮನೆಯನ್ನೂ ಮೈಲಿಗೆ ಎನ್ನಬಾರದೆಂದು ಕಲಿಸಿದ್ದರು. ನಾನು ಅದನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ, ತಿರುಗಿ ಬಂದಾಗ ಅಂಗಳದಲ್ಲಿ ಕಾಲು ತೊಳೆಯುವುದನ್ನೂ ಬಿಟ್ಟೆ. ನೇರ ಒಳಗೆ ಬಂದು ವಹಿ ಬಿಚ್ಚುತ್ತಿದ್ದೆ. ರೊಟ್ಟಿ ಮುರಿಯುವಾಗಲೂ ಅವರ ಅಳುವೇ ಕಿವಿಯಲ್ಲಿ.

ಮೂರನೆಯ ತಿಂಗಳಲ್ಲಿ ಒಂದು ದಿನ, ಕೂಸು ಕಳೆದುಕೊಂಡ ತಾಯಿಯೊಬ್ಬಳು ನನ್ನೆದುರು ಅತ್ತಳು. ನನಗೆ ಏನೂ ಅನ್ನಿಸಲಿಲ್ಲ. ಯಾವಾಗ ಮುಗಿಸುತ್ತಾಳೋ ಎಂದು ಬಾಗಿಲ ಕಡೆ ನೋಡಿದೆ. ನನ್ನ ಎದೆ ಕಲ್ಲಾಯಿತೆಂದು ಹೆದರಿ, ಬಂದವಳೇ ಟ್ರಂಕಿಗೆ ಸೀರೆ ತುಂಬಿದೆ.

"ಎಲ್ಲಿಗಿ ಹೊಂಟ್ರಿ ಅಕ್ಕಾರ?" ನೂಲು ಸುತ್ತುತ್ತಿದ್ದ ಆಯಿ ಚೇಷ್ಟೆ ಮಾಡಿದಳು.

"ಊರಿಗಿ. ನನ್ನ ಕಡಿಂದ ಯಾರ ಕಷ್ಟಾನೂ ನೀಗೂದಿಲ್ರಿ ಆಯಿ."

"ನೀಗಸಾಕ ನೀ ಏನ ದೇವ್ರೇನ? ಮದಲ ಕಾಲ ತೊಳಕೋ."

"ಮೈಲಿಗಿ ನೋಡಬಾರದಂತ ಹೇಳ್ಯಾರ್ರಿ."

"ಮೈಲಿಗಿ ಯಾರಿಗಿ ಬೇಕಾಗೇತಿ! ಆ ಮನಿ ದುಃಖ ಆ ಮನೀದು. ಅಲ್ಲಿ ಕುಂತು ಕೇಳು, ಅಳು ಬಂದ್ರ ಅಳು. ಹೊಸ್ತಿಲ ದಾಟೂ ಮದಲ ಒಂದೀಟ ನಿಂದ್ರು. ನನ್ನ ಮನಿಗಿ ಬಂದ್ನಿ ಅಂತ ಕಾಲಿಗರೆ ಗೊತ್ತಾಗ್ಲಿ."

ಕೂಸು ಕಳೆದುಕೊಂಡವಳ ವಿಷಯ ನನ್ನಿಂದ ತಿಳಿದು, ಸಂಜೆ ಆಯಿ ನನ್ನನ್ನೂ ಕರೆದುಕೊಂಡು ಅದೇ ತಾಯಿಯ ಮನೆಗೆ ಹೋದಳು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಆಕೆಯ ಮೊರದ ಜೋಳ ಹಸನು ಮಾಡುತ್ತ ಕೂತು, ಆಕೆ ಅತ್ತಾಗ ತಾನೂ ಅತ್ತಳು. ತಿರುಗಿ ಬಂದು ಅಂಗಳದಲ್ಲಿ ಕಾಲು ತೊಳೆದು, ಕಣ್ಣು ಮುಚ್ಚಿ ನಿಂತಳು. ಒಳಗೆ ಹೋದವಳು ಪುಂಡಿಪಲ್ಯೆಯ ರುಚಿ ನೋಡಿ, "ಯಾವಾಕಿ ಉಪ್ಪಿನ ಡಬ್ಬಿನ ಸುರುವ್ಯಾಳ ಇದಕ್ಕ?" ಎಂದು ಸೊಸೆಯನ್ನು ಬೈಯುತ್ತ ನಕ್ಕಳು. ನಾನು ಹೊಸ್ತಿಲಲ್ಲೇ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ. ಓಣಿಯ ಅಷ್ಟೂ ಹೆಂಗಸರು ಅವಳ ಮುಂದೆ ಅತ್ತಿದ್ದರು. ಒಬ್ಬಳ ಮಾತು ಇನ್ನೊಬ್ಬಳ ಕಿವಿಗೆ ಬಿದ್ದಿರಲಿಲ್ಲ. ಸಹಿ ಮಾಡಲೂ ಬಾರದ ಆ ಜೀವಕ್ಕೆ ಇದನ್ನು ಯಾರು ಕಲಿಸಿದರು? ಇಂದಿಗೂ ನನಗೆ ತಿಳಿದಿಲ್ಲ.

ಮರುದಿನ ವಹಿ ಬಿಟ್ಟು ಒಬ್ಬಳೇ ಆ ತಾಯಿಯ ಮನೆಗೆ ಹೋದೆ. ಮೊರದ ಈಚೆ ಕೂತು, ಮೊದಲು ಕೇಳಲು ಹೊಳೆಯದಿದ್ದುದನ್ನು ಕೇಳಿದೆ: ಕೂಸಿನ ಹೆಸರೇನು? ಆಕೆ ಹೇಳಿದಳು. ಅದು ಹೇಗೆ ನಗುತ್ತಿತ್ತು ಎಂದೂ ಹೇಳಿದಳು. ನನ್ನ ಕಣ್ಣು ತುಂಬಿದವು.