ಕಣದ ಮೇಲೆ ಬರೆದ ಊರು

ನಮ್ಮ ಅತ್ತಿಗೆ ಶಾಂತಕುಮಾರಿ ಮೂಡಿಗೆರೆಯಲ್ಲಿ ಆರೋಗ್ಯ ಸಹಾಯಕಿಯಾಗಿದ್ದರು. ಊರಿನ ಮುಕ್ಕಾಲು ಮಕ್ಕಳಿಗೆ ಸೂಜಿ ಚುಚ್ಚಿದ್ದು ಅವರೇ. ಹಾಗಾಗಿ ಅವರನ್ನು ಬೀದಿಯಲ್ಲಿ ಕಂಡರೆ ಸಾಕು, ಹುಡುಗರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಹಟ ಹಿಡಿದರೆ ಬಿಡುವ ಹೆಂಗಸಲ್ಲ. ನನಗೆ ಅವರೆಂದರೆ ಪ್ರಾಣ.

ತೊಂಬತ್ತೆಂಟರ ಬೇಸಿಗೆಯ ಮೊದಲಿಗೆ ಊರಿಗೆ ಒಂದೇ ಒಂದು ಹೊಸ ನೀರಿನ ಪೈಪ್ ಮಂಜೂರಾಯಿತು. ಅದು ಪೇಟೆ ಬೀದಿಗೋ, ಹಳ್ಳದ ನೀರನ್ನೇ ಕುಡಿಯುತ್ತಿದ್ದ ತೋಟದ ಕೂಲಿಯವರ ಸಾಲುಮನೆಗಳ ಲೈನಿಗೋ ಎಂಬ ಜಗ್ಗಾಟ. ಇಡೀ ಊರಿನ ಲೆಕ್ಕದಲ್ಲಿ ವಾಂತಿಭೇದಿ ಕಡಿಮೆಯೇ, ಪೈಪ್ ಪೇಟೆಗೇ ಇರಲಿ ಎಂದ ನಮ್ಮಣ್ಣ ಏಕಾಂತಪ್ಪ. ಪೇಟೆಯಲ್ಲಿ ಅವನ ಅಂಗಡಿ ಇತ್ತು, ಹೇಳದೆ ಇರುತ್ತಾನೆಯೇ?

"ಇಡೀ ಊರು ಅಂದ್ರೆ ಯಾರ್ ಮನೆ ಮಾರಾಯ್ರೆ? ಬೀದಿ ಬೀದಿ ಬೇರೆ ಮಾಡಿ ನೋಡ್ಬೇಕು," ಎಂದು ಅತ್ತಿಗೆ ರೇಗಿದರು.

ಭಾನುವಾರ ನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಒತ್ತಟ್ಟಿಗೆ ಸರಿಸಿ, ಸೀಮೆಸುಣ್ಣದಲ್ಲಿ ಊರು ಬರೆದರು. ಎಲ್ಲ ಬೀದಿಯ ಹೆಂಗಸರನ್ನೂ ಕರೆಸಿದ್ದರು. ಕಳೆದ ಮಳೆಗಾಲದಲ್ಲಿ ವಾಂತಿಭೇದಿಯಿಂದ ಮಲಗಿದ ಪ್ರತಿ ಮಗುವಿಗೂ ಅವರವರ ಬೀದಿಯ ಮೇಲೆ ಒಂದೊಂದು ಕಾಫಿಬೀಜ ಇಡಬೇಕು. ಸಂಜೆ ಪಂಚಾಯಿತಿ ಅಧ್ಯಕ್ಷರು ಬಂದು ನೋಡಿ ತೀರ್ಮಾನಿಸುವುದೆಂದು ಮಾತಾಗಿತ್ತು.

ಪೇಟೆಯವರು ಇಟ್ಟರು. ಲೈನಿನವರು ಮಾತ್ರ ಕಣದ ಅಂಚು ಬಿಟ್ಟು ಕದಲಲಿಲ್ಲ. ಲೈನು ಖಾಲಿಯೇ ಉಳಿಯಿತು.

"ನೋಡಿದ್ಯಾ, ಎಲ್ಲಕ್ಕಿಂತ ಗಟ್ಟಿ ಇರೋದು ಅವ್ರೇ," ಎಂದ ಅಣ್ಣ. ಒಡಹುಟ್ಟಿದವನಾದರೂ ನನಗೆ ಮೈಯೆಲ್ಲ ಉರಿಯಿತು.

ಅತ್ತಿಗೆ ಲೈನಿನ ಪಾಪಮ್ಮನ ಬಳಿ ಹೋದರು. ಪಾಪಮ್ಮನ ಸೊಂಟದ ಮೇಲೆ ಚಿಕ್ಕ ಮಗಳಿದ್ದಳು.

"ಯಾಕೆ ಪಾಪಮ್ಮ, ನಿಮ್ಮಲ್ಲಿ ಯಾರೂ ಮಲಗ್ಲಿಲ್ವಾ?"

"ಮಲಗಿದ್ವು ಅಮ್ಮ. ಆದ್ರೆ ಕಣದ ಬೀಜ ನಾವು ಮುಟ್ಟಂಗಿಲ್ವಲ್ಲ."

ಕುಯ್ಲಿನ ದಿನಗಳಲ್ಲಿ ಮನೆಗೆ ಹೊರಡುವ ಮೊದಲು ಮೇಸ್ತ್ರಿ ಕೂಲಿಯವರ ಮಡಿಲು ಕೊಡವಿಸುತ್ತಿದ್ದ. ಒಂದು ಬೀಜ ಉದುರಿದರೂ ಕಳ್ಳಿಯೆಂಬ ಹೆಸರು. ಇದು ನಮಗೆಲ್ಲ ಗೊತ್ತಿದ್ದದ್ದೇ, ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಅತ್ತಿಗೆಯ ಕಣ್ಣು ತುಂಬಿತು. ಮಗುವನ್ನು ನನ್ನ ಕೈಗೆ ಕೊಟ್ಟು, ಪಾಪಮ್ಮನ ಸೆರಗು ಒಡ್ಡಿಸಿ, ಬೊಗಸೆ ತುಂಬ ಬೀಜ ಸುರಿದರು. ಅಣ್ಣ ಬಾಯಿ ತೆರೆದವನು ಅವರ ಮುಖ ನೋಡಿ ಹಿಂದೆ ಸರಿದ.

ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಕಣಕ್ಕಿಳಿದರು. ಸ್ವಲ್ಪ ಹೊತ್ತಿಗೆ ಸೀಮೆಸುಣ್ಣದ ಗೆರೆಯೇ ಕಾಣದಷ್ಟು ಬೀಜ ಬಿತ್ತು. ಕೊನೆಗೆ ಪಾಪಮ್ಮನ ಮುಷ್ಟಿಯಲ್ಲಿ ಒಂದು ಉಳಿಯಿತು.

"ಇದು ನನ್ನ ದೊಡ್ಡ ಮಗಂದು. ಅವ್ನು ಉಳೀಲಿಲ್ಲ. ಹೋದೋರ್ದೂ ಇಡ್ಬೌದಾ ಅಮ್ಮ?"

ಅತ್ತಿಗೆ ಅವಳ ಕೈ ಹಿಡಿದುಕೊಂಡರು. ಇಬ್ಬರೂ ಒಟ್ಟಿಗೆ ಬಗ್ಗಿ ಆ ಬೀಜ ಇಟ್ಟರು. ನಾನು ಮಗುವನ್ನು ಅವಚಿಕೊಂಡು ಅಳುತ್ತ ನಿಂತೆ.

ಸಂಜೆ ಬಂದ ಅಧ್ಯಕ್ಷರು ಕಣದ ಮೇಲೆ ಬೀಜದಿಂದ ಮುಚ್ಚಿಹೋದ ಲೈನನ್ನು ಬಗ್ಗಿ ನೋಡಿದರು, ಪೈಪ್ ಅಲ್ಲಿಗೇ ಎಂದರು. ಮುಂಗಾರು ಹಿಡಿಯುವ ಮೊದಲೇ ಲೈನಿನ ನಲ್ಲಿಯಲ್ಲಿ ನೀರು ಬಂತು. ಆ ಮಳೆಗಾಲ ಪೂರ್ತಿ ಪಾಪಮ್ಮನ ಮಗಳು ಒಂದು ದಿನವೂ ಹಾಸಿಗೆ ಹಿಡಿಯದೆ ಜಗಲಿಯಲ್ಲಿ ಆಡಿಕೊಂಡೇ ಇದ್ದಳು.