ಮೆಟ್ಟಿಲ ತಿರುವಿನಲ್ಲಿ ಹೊನ್ನಕ್ಕನ ದನಿ

ಹೊಳೆನರಸೀಪುರದ ಕೋಟೆ ಬೀದಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹೇಮಾವತಿಯ ಕಡೆಯಿಂದ ಬಂದ ಮಂಜು ಹೆಂಚುಗಳ ಮೇಲೆ ತಂಗಿ, ಹೋಗಲೋ ಬೇಡವೋ ಎಂಬಂತೆ ನಿಂತಿದೆ. ಬೀದಿಯ ನಡುವಿನ ಮನೆಯೊಂದರ ಒಳಕೋಣೆಯಲ್ಲಿ ಹೊನ್ನಕ್ಕ ಮಂಡಿಯೂರಿ ಕುಳಿತು, ಬೀಟೆ ಮರದ ಮಂಚದ ಸಂದುಗಳನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಾರೆ. ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದೆ. ಹಲಗೆಗಳು ಹೊರಗೆ ಟೆಂಪೊ ಸೇರಿವೆ. ಉಳಿದಿರುವುದು ಮಂಚದ ಚೌಕಟ್ಟು, ನಾಲ್ಕು ದಪ್ಪ ಕಾಲುಗಳು, ತಲೆಯ ಕಡೆ ನವಿಲು ಕೆತ್ತಿದ ಹಲಗೆ. ತಟ್ಟಿದಲ್ಲೆಲ್ಲ ಮರ ಒಂದೇ ಸ್ವರದಲ್ಲಿ ಉತ್ತರಿಸುತ್ತಿದೆ.

"ಬೋಲ್ಟ್ ಇಲ್ಲ ಕಣ್ಲಾ, ಬೆಣೆ ಒಡ್ದವ್ರೆ. ಬಿಚ್ಚಕೋದ್ರೆ ಸೀಳ್ಕತದೆ" ಎನ್ನುತ್ತಾರೆ ಹೊನ್ನಕ್ಕ. "ಇಡೀದಾಗಿ ಒತ್ಕಂಡೋಗ್ಬೇಕು."

ಬಾಗಿಲಲ್ಲಿ ನಿಂತ ದ್ಯಾವಯ್ಯ ಮಂಚವನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. "ಇದು ಮಂಚ ಅಲ್ಲ ಕಣಕ್ಕ, ಆನೆ."

"ಆನೆನೇ ಅನ್ಕೊ. ಮಾವುತ ನೀನೇ ತಾನೆ. ಸಿಂಬೆ ಸುತ್ತು."

ಮನೆ ಬದಲಿಸುವವರ ಮಂಚ, ಬೀರು, ಕನ್ನಡಿ ಮೇಜುಗಳನ್ನು ಏಟು ಬೀಳದಂತೆ ಸಾಗಿಸಿ ಹೊಸ ಕೋಣೆಯಲ್ಲಿ ನಿಲ್ಲಿಸಿಕೊಡುವುದು ಹೊನ್ನಕ್ಕನ ಕಸುಬು. ಹಾಸನದ ಸಂತೇಪೇಟೆಯಲ್ಲಿ ಟೆಂಪೊಗಳು ನಿಲ್ಲುವ ಕಡೆ ಹೋಗಿ ‘ಸಾಮಾನಿನ ಹೊನ್ನಕ್ಕ’ ಎಂದರೆ ಟೀ ಅಂಗಡಿಯವರೇ ನಂಬರು ಕೊಡುತ್ತಾರೆ. ಅವರ ಊರು ಪಕ್ಕದ ಮೊಸಳೆ ಎಂಬ ಹಳ್ಳಿ. ಹೊರುವವರು ಮೂವರು: ಮೇಲ್ತುದಿ ಹಿಡಿಯುವ ನಟರಾಜು, ಕೆಳಗಿನ ಭಾರಕ್ಕೆ ಹೆಗಲು ಕೊಡುವ ಭೀಮ ಮತ್ತು ಎಲ್ಲರಿಗಿಂತ ಹಿರಿಯ ದ್ಯಾವಯ್ಯ. ಹೊನ್ನಕ್ಕ ಹೊರುವುದಿಲ್ಲ. ಅವರು ದನಿ ಕೊಡುತ್ತಾರೆ.

ದನಿ ಕೊಡುವುದೆಂದರೆ ಹೊರುವವರ ಕಣ್ಣಾಗುವುದು. ಬೀರುವಿಗೆ ಕೆನ್ನೆಯೊತ್ತಿ ನಡೆಯುವವನಿಗೆ ತಣ್ಣನೆಯ ತಗಡಿನ ಹೊರತು ಬೇರೆ ಲೋಕವಿಲ್ಲ. ಹೊಸ್ತಿಲು ಎಷ್ಟು ಎತ್ತರ, ಗೋಡೆ ಎಷ್ಟು ಹತ್ತಿರ, ಮುಂದಿನ ಹೆಜ್ಜೆ ನೆಲಕ್ಕೋ ಗಾಳಿಗೋ, ಎಲ್ಲವೂ ಅವನಿಗೆ ಒಂದು ದನಿಯಿಂದ ತಿಳಿಯಬೇಕು. ಹೊನ್ನಕ್ಕನ ದನಿ ಏರುವುದಿಲ್ಲ, ಇಳಿಯುವುದಿಲ್ಲ. "ಎಡ ತಗ್ಸು. ಇರು. ಬಲಗಾಲು ಮ್ಯಾಕೆ. ಇರು." ಎರಡು ಆಜ್ಞೆಗಳ ನಡುವಿನ ಆ ‘ಇರು’ವಿನಲ್ಲಿ ಮೂವರು ಗಂಡಸರ ಉಸಿರು ನಿಂತು ಮತ್ತೆ ಹೊರಡುತ್ತದೆ.

ಈ ದನಿಯ ಹಿಂದೆ ಒಂದು ಮುರಿದ ಬೆನ್ನಿದೆ. ಮೊದಲು ಈ ಕೆಲಸಕ್ಕಿದ್ದವರು ಅವರ ಗಂಡ ಗುಂಡಯ್ಯ. ಹೊನ್ನಕ್ಕ ಜೊತೆಗೆ ಹೋಗಿ ಕನ್ನಡಿಗಳಿಗೆ ಹಳೆಯ ಸೀರೆ ಸುತ್ತುತ್ತಿದ್ದರು, ಅಷ್ಟೇ. ಅರಕಲಗೂಡಿನ ಒಂದು ಮನೆಯಲ್ಲಿ ಬೀರು ಇಳಿಸುವಾಗ ಮನೆಯವರು ಮೇಲಿನಿಂದ "ಎತ್ತಿ" ಎಂದರು. ಅದೇ ಕ್ಷಣ ಜೊತೆಗಾರ "ಇಳ್ಸು" ಎಂದ. ಎರಡು ಮಾತುಗಳ ನಡುವೆ ಗುಂಡಯ್ಯ ಸಿಕ್ಕಿಬಿದ್ದರು. ಈಗ ಅವರು ಮನೆಯಲ್ಲಿ ಕುಳಿತು ಗೋಣಿತಾಟಿನಿಂದ ಸಾಮಾನಿಗೆ ಹೊದಿಸುವ ಗವಸು ಹೊಲಿಯುತ್ತಾರೆ. "ಅವತ್ತಿಂದ ನಂದು ಒಂದೇ ಕಟ್ಟು" ಎನ್ನುತ್ತಾರೆ ಹೊನ್ನಕ್ಕ. "ಸಾಮಾನು ಮ್ಯಾಕೆದ್ದಾಗ ದನಿ ಒಂದೇ ಇರ್ಬೇಕು. ಯಜಮಾನ್ರೇ ಆಗ್ಲಿ, ದೇವ್ರೇ ಆಗ್ಲಿ, ಸಾಮಾನು ಕೆಳಕಿಟ್ಟ ಮ್ಯಾಲೆ ಮಾತಾಡ್ಲಿ."

ಗುಂಪಿಗೆ ಇನ್ನೊಂದು ಕಟ್ಟುಪಾಡಿದೆ. ಮಂಚಕ್ಕೆ ನಾಲ್ಕು ಜನ ಕೈ ಹಾಕುವಂತಿಲ್ಲ. ನಾಲ್ವರು ಹೊರುವುದು ಕಡೆಯ ಪಯಣದಲ್ಲಿ. ಬದುಕುವವರ ಮಂಚಕ್ಕೆ ಮೂವರಿರಬೇಕು, ಇಲ್ಲವೇ ಐವರು. ನಾಲ್ಕನೆಯ ಕೈ ಸೋಕಿತೆಂದರೆ ಹೊರುತ್ತಿರುವವರಲ್ಲಿ ಒಬ್ಬ ಕೈ ತೆಗೆಯಬೇಕು. ಭೀಮನ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟವೊಂದೇ. ಶಕುನ, ಗಳಿಗೆ ಎಂದರೆ ಅವನು ನಗುತ್ತಾನೆ. ಆದರೂ ಈ ಕಟ್ಟನ್ನು ಎಲ್ಲರಿಗಿಂತ ಬಿಗಿಯಾಗಿ ಪಾಲಿಸುವವನು ಅವನೇ. "ನಂಬ್ಕೆ ಅಲ್ಲ ಸಾ, ಕೈಗೆ ಅಭ್ಯಾಸ ಆಗೋಗೈತೆ" ಎಂಬುದು ಅವನ ಸಮಜಾಯಿಷಿ. ನಟರಾಜು ಬಿಡುವುದಿಲ್ಲ: "ಎಲ್ಲಾ ಬುಟ್ಟೀನಿ ಅಂತಾನೆ, ಎಣ್ಸೋದ್ ಬುಟ್ಟಿಲ್ಲ."

ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಆಗ ಈ ನಾಲ್ವರೂ ಶುಂಠಿ ಹೊಲದ ಕಳೆಗೆ, ಆಲೂಗೆಡ್ಡೆ ಮೂಟೆ ಹೊರುವುದಕ್ಕೆ ಚದುರಿಹೋಗುತ್ತಾರೆ. ಶ್ರಾವಣ ಬಂದರೆ ಬಿಡುವಿಲ್ಲ. ಬೆಳಿಗ್ಗೆ ಮಲ್ಲಿಪಟ್ಟಣದ ಬೀರು, ಮಧ್ಯಾಹ್ನ ಹಾಸನದ ಜೋಡಿ ಮಂಚ. ಊರಿನ ಬೇರೆ ಯಾರೂ ಕಾಣದ ಕೋಣೆಗಳನ್ನು ಅವರು ಕಾಣುತ್ತಾರೆ. ಮಂಚದ ಕೆಳಗಿನ ಧೂಳು, ದಿಂಬಿನ ಹಿಂದೆ ಗೋಡೆಗೆ ಹತ್ತಿದ ತಲೆಯೆಣ್ಣೆಯ ಕಲೆ, ಬೀರುವಿನ ಹಿಂದೆ ಬಿದ್ದು ಮರೆತುಹೋದ ಕಾಲುಂಗುರ. "ಕೆಲವ್ರು ನಮ್ಗೆ ನೀರು ಕೊಡಕೆ ಅಡಿಗೆಮನೆ ಬಾಗ್ಲಿಂದ ಆಚೆಗೇ ನಿಲ್ಸ್ತಾರೆ. ಮಲ್ಗೋ ಮನೆಗೆ ಮಾತ್ರ ಅವರೇ ಮುಂದಾಗಿ ಕರ್ಕಂಡೋಯ್ತಾರೆ" ಎನ್ನುವಾಗ ಹೊನ್ನಕ್ಕನ ಮುಖದಲ್ಲಿ ಕಹಿಯಿಲ್ಲ, ಒಂದು ಬಗೆಯ ತಮಾಷೆಯಿದೆ. "ಭಾರ ಇದ್ದಾಗ ಮೈಲ್ಗೆ ನೆನ್ಪಾಗಲ್ಲ ನೋಡಿ."

ಇಂದಿನ ಮಂಚ ಗಂಗಾಂಬಿಕೆ ಅವರದು. ಮಗ ಕೀರ್ತಿರಾಜ್ ಚನ್ನರಾಯಪಟ್ಟಣದಲ್ಲಿ ಕೆಳಗೆ ಬಟ್ಟೆ ಅಂಗಡಿ, ಮೇಲೆ ಮನೆ ಕಟ್ಟಿಸಿದ್ದಾರೆ; ಸಂಸಾರವೆಲ್ಲ ಇಂದು ಅಲ್ಲಿಗೆ. ಗಂಗಾಂಬಿಕೆ ಅವರ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದೆ. ಕಂಬಿ ಹಿಡಿದು ಮೆಟ್ಟಿಲು ಹತ್ತಬಲ್ಲರು, ನಿಧಾನಕ್ಕೆ ನಡೆಯಬಲ್ಲರು. ಆದರೆ ತಗ್ಗಿನ ಮಂಚದಲ್ಲಿ ಕುಳಿತರೆ ಏಳಲಾರರು. ಮಗ ಕೊಂಡು ತಂದ ಹೊಸ ಮಂಚದಲ್ಲಿ ಒಂದು ವಾರ ಮಲಗಿದರಂತೆ. ಪ್ರತಿ ಸಲ ಬಚ್ಚಲಿಗೆ ಹೋಗಬೇಕಾದಾಗಲೂ ಸೊಸೆಯನ್ನು ಕೂಗಬೇಕು. "ಅವಳು ಬೇಸರ ಮಾಡ್ಕೊಳ್ಳಲ್ಲ, ಪಾಪ. ನನಗೇ ಬೇಸರ" ಎನ್ನುತ್ತಾರೆ ಅವರು. ಈ ಹಳೆಯ ಮಂಚ ಎತ್ತರದ್ದು. ಅಂಚಿಗೆ ಸರಿದು ಕಾಲೂರಿದರೆ ಸಾಕು, ಮೈ ತಾನೇ ನಿಲ್ಲುತ್ತದೆ.

ಹೊಸ ಮನೆಯ ಮೆಟ್ಟಿಲು ಕಿರಿದು, ನಡುವೆ ಒಂದು ತಿರುವು. ಹೊರಗಿನಿಂದ ಹಗ್ಗ ಕಟ್ಟಿ ಎತ್ತೋಣವೆಂದರೆ ವಿದ್ಯುತ್ ತಂತಿ. ಅಲ್ಲಿ ಕೆಲಸ ಮಾಡುತ್ತಿದ್ದ ಬಡಗಿ ನೋಡಿ, ಕಾಲುಗಳನ್ನು ಕೊಯ್ದು ಮೇಲೆ ಒಯ್ದರಾಯಿತು, ಆಮೇಲೆ ಕೂಡಿಸಿದರೆ ಹಿಂದಿನ ಗಟ್ಟಿತನದ ಮಾತು ಕೊಡಲಾರೆ ಎಂದಿದ್ದಾನೆ. ಹೊನ್ನಕ್ಕ ನಿನ್ನೆಯೇ ಹೋಗಿ ಆ ತಿರುವಿನಲ್ಲಿ ಹಗ್ಗ ಹಿಡಿದು ಅಳೆದು ಬಂದರು. ಮಂಚವನ್ನು ಮಗ್ಗುಲಾಗಿಸಿದರೆ ಬೆರಳಷ್ಟು ಜಾಗ ಉಳಿಯುತ್ತದೆ. ಬಂದವರೇ ಗಂಗಾಂಬಿಕೆ ಅವರಿಗೆ ಮಾತು ಕೊಟ್ಟರು: "ಗರಗಸ ಮುಟ್ಟಲ್ಲ ಅಮ್ಮಾವ್ರೆ. ನಾಳೆ ಈ ಮಂಚದಲ್ಲೇ ಮಲಗ್ತೀರಿ, ಇದ್ರಿಂದ್ಲೇ ಏಳ್ತೀರಿ."

ಟೆಂಪೊ ತೆಂಗಿನ ಸಾಲುಗಳ ನಡುವೆ ಚನ್ನರಾಯಪಟ್ಟಣ ಸೇರುವಾಗ ಬಿಸಿಲು ಬಲಿತಿದೆ. ಗಂಗಾಂಬಿಕೆ ಮೊದಲೇ ಕಾರಿನಲ್ಲಿ ಬಂದು ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಾರೆ. ಮಂಚ ಹೋಗುವವರೆಗೆ ತಾವೂ ಮೇಲೆ ಹೋಗುವುದಿಲ್ಲವೆಂಬ ಹಟ. ಬಡಗಿ ಗರಗಸವನ್ನು ಕಾಣುವಂತೆಯೇ ಇಟ್ಟುಕೊಂಡು ಬೀಡಿ ಹಚ್ಚಿದ್ದಾನೆ.

ಗೋಣಿತಾಟಿನ ಗವಸು ತೊಟ್ಟ ಮಂಚ ಮಗ್ಗುಲಾಗಿ ಏರತೊಡಗುತ್ತದೆ. ಮೇಲೆ ನಟರಾಜು, ಕೆಳಗೆ ಭೀಮ ಮತ್ತು ದ್ಯಾವಯ್ಯ. ಹೊನ್ನಕ್ಕ ಮೂರು ಮೆಟ್ಟಿಲು ಹಿಂದೆ. "ಮ್ಯಾಕೆ. ಇರು. ನಟ್ರಾಜು, ನಿನ್ ಕಡೆ ತಿರುಗ್ಸು. ಇರು." ತಿರುವಿನಲ್ಲಿ ಒಂದು ಕಾಲು ಗೋಡೆಯ ಮೂಲೆ ದಾಟುತ್ತದೆ. ಇನ್ನೊಂದು ದಾಟಬೇಕು. ಆಗ, ಮೇಲಿನ ಬಾಗಿಲಲ್ಲಿ ನೋಡುತ್ತ ನಿಂತಿದ್ದ ಕೀರ್ತಿರಾಜ್ ತಡೆಯಲಾರದೆ ಎರಡು ಮೆಟ್ಟಿಲು ಇಳಿದು ಮಂಚಕ್ಕೆ ಕೈ ಕೊಡುತ್ತಾರೆ. ತಾಯಿಯ ಮಂಚ, ಕೈ ತಾನಾಗಿಯೇ ಹೋಗಿದೆ.

ಗವಸಿನ ಸಂದಿನಲ್ಲಿ ಆ ನಾಲ್ಕನೆಯ ಕೈಯನ್ನು ಕಂಡ ಭೀಮ, ಯೋಚನೆ ಹುಟ್ಟುವ ಮೊದಲೇ, ತನ್ನ ಕೈ ತೆಗೆದುಬಿಡುತ್ತಾನೆ.

ಸಮನೆಲದ ಮೇಲಾಗಿದ್ದರೆ ಏನೂ ಆಗುತ್ತಿರಲಿಲ್ಲ. ಇಲ್ಲಿ ಮಂಚ ಒಂದು ಮೆಟ್ಟಿಲು ಕೆಳಕ್ಕೆ ಜಾರುತ್ತದೆ. ಭಾರವೆಲ್ಲ ದ್ಯಾವಯ್ಯನ ಹೆಗಲಿಗೆ ಬಂದು, ಅವನ ಬೆನ್ನು ಗೋಡೆಗೆ ಒತ್ತುತ್ತದೆ. ಕೆಳಗೆ ಬೀದಿಯ ಕಡೆಯಿಂದ ಬಡಗಿಯ ಮಾತು ಕೇಳುತ್ತದೆ: "ನಾನ್ ಅವಾಗ್ಲೇ ಯೋಳ್ಲಿಲ್ವಾ."

ಹೊನ್ನಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೇ ಹೆಜ್ಜೆಗೆ ಮೇಲೇರಿ, ದ್ಯಾವಯ್ಯನ ಪಕ್ಕದಲ್ಲಿ ಮಂಚದ ಅಡಿಗೆ ಹೆಗಲು ಕೊಡುತ್ತಾರೆ. "ಭೀಮ, ಇಡ್ಕೊ. ಸಾ, ನೀವು ಕೈ ಬುಡ್ಬೇಡಿ. ಬುಟ್ರೆ ಜಾರ್ಕಂಡ್ ಬತ್ತದೆ."

"ಅಕ್ಕಾ, ಸಾವ್ಕಾರ್ರು ಸೇರಿ..." ಭೀಮ ತಡವರಿಸುತ್ತಾನೆ.

"ನಾನೂ ಸೇರಿ ಐದು. ಸರಿಯಾಯ್ತಾ ಲೆಕ್ಕ? ಇಡ್ಕೊ ಈಗ."

ಐದು ಜೊತೆ ಕೈಗಳಲ್ಲಿ ಮಂಚ ಸ್ಥಿರವಾಗುತ್ತದೆ. ಆದರೆ ಹೆಗಲು ಕೊಟ್ಟವರಿಗೆ ಕಣ್ಣಿಲ್ಲ. ಮರದ ಅಡಿಯಲ್ಲಿ ನಿಂತ ಹೊನ್ನಕ್ಕನಿಗೆ ತಮ್ಮ ಕಾಲಬೆರಳಿನ ಆಚೆಗೆ ಏನೂ ಕಾಣದು. ಇಷ್ಟು ವರ್ಷ ಹೊರುವವರ ಕತ್ತಲನ್ನು ಹೊರಗೆ ನಿಂತು ಬಲ್ಲವರು ಈಗ ಅದರೊಳಗೆ ಇದ್ದಾರೆ. ದಾಟಬೇಕಾದ ಕಾಲು ಕಾಣುವುದು ಒಬ್ಬರಿಗೆ ಮಾತ್ರ: ಬುಡದಲ್ಲಿ ಕತ್ತೆತ್ತಿ ಕುಳಿತಿರುವ ಗಂಗಾಂಬಿಕೆ ಅವರಿಗೆ.

"ಅಮ್ಮಾವ್ರೆ, ದನಿ ನೀವು ಕೊಡಿ."

"ನಾನೇ? ಅಯ್ಯೋ ಶಿವನೇ, ಗೋಡೆಗೆ ತಾಗ್ತಿದೆ ಕಣಮ್ಮ. ಅಯ್ಯೋ."

"ಅಯ್ಯೋ ಅಂದ್ರೆ ಯಾವ್ ದಿಕ್ಕು ಅಮ್ಮಾವ್ರೆ? ಎಡ್ಗಡೆನೋ ಬಲ್ಗಡೆನೋ ಯೋಳಿ."

ನೋವಿನ ನಡುವೆಯೂ ದ್ಯಾವಯ್ಯನ ಹೊಟ್ಟೆ ನಗುವಿನಿಂದ ಅಲುಗುತ್ತದೆ. ಕೆಳಗೆ ಮುದುಕಿ ಕುರ್ಚಿಯ ಅಂಚಿಗೆ ಸರಿದು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಆಮೇಲೆ ಬಂದದ್ದು ಬೇರೆಯೇ ದನಿ. ಒಂದು ಕಾಲಕ್ಕೆ ದೊಡ್ಡ ಸಂಸಾರವನ್ನು ನಡೆಸಿದ ದನಿ. "ಬಲಕ್ಕೆ ವಾಲಿಸಿ. ಇನ್ನೂ ಸ್ವಲ್ಪ. ನಿಲ್ಲಿ. ಈಗ ಕೆಳಗಿನವರು ಎತ್ತಿ. ಕೀರ್ತಿ, ನೀನು ಎಳೀಬೇಡ, ಸುಮ್ನೆ ಹಿಡ್ಕೊ. ಎತ್ತಿ. ನಿಲ್ಲಿ."

ಮಗನನ್ನೂ ಸೇರಿಸಿ ಕೊಟ್ಟ ಆಜ್ಞೆಗೆ ಐವರೂ ವಿಧೇಯರಾಗುತ್ತಾರೆ. ಗೋಣಿತಾಟು ಗೋಡೆಗೆ ಉಜ್ಜಿ ಸಣ್ಣ ಸದ್ದು ಮಾಡುತ್ತದೆ. ಸಿಕ್ಕಿಕೊಂಡಿದ್ದ ಕಾಲು, ಗವಸಿನ ಒಂದು ಎಳೆಯನ್ನು ಮೂಲೆಗೆ ಬಿಟ್ಟು, ಆಚೆಗೆ ಸರಿಯುತ್ತದೆ. "ದಾಟಿತು" ಎನ್ನುತ್ತಾರೆ ಗಂಗಾಂಬಿಕೆ, ಹಾಲು ಉಕ್ಕಿತು ಎನ್ನುವಷ್ಟು ಸಹಜವಾಗಿ.

ಮೇಲಿನ ಕೋಣೆಯಲ್ಲಿ ಮಂಚವನ್ನು ಪೂರ್ವಕ್ಕೆ ತಲೆ ಮಾಡಿ ನಿಲ್ಲಿಸಿದ ಮೇಲೆ ಭೀಮ ಯಾರ ಮುಖವನ್ನೂ ನೋಡುವುದಿಲ್ಲ. ಹೊನ್ನಕ್ಕ ಅವನನ್ನು ಗದರಿಸುವುದೂ ಇಲ್ಲ. ದ್ಯಾವಯ್ಯನ ಹೆಗಲಿಗೆ ಎಣ್ಣೆ ತಿಕ್ಕುವ ಕೆಲಸವನ್ನು ಅವನಿಗೆ ಒಪ್ಪಿಸಿ, "ಇನ್ಮ್ಯಾಲೆ ಮೆಟ್ಲು ಮ್ಯಾಗೆ ಯಾರೂ ಎಣ್ಸಂಗಿಲ್ಲ. ಎಣ್ಸೋದಿದ್ರೆ ನಾನು ಎಣ್ಸ್ತೀನಿ" ಎಂದಷ್ಟೇ ಹೇಳುತ್ತಾರೆ. ಒಂದು ಕಟ್ಟು ಹೀಗೆ ಸಡಿಲುತ್ತದೆ. ಅದು ಯಾರಿಗೂ ಸೋಲೆನಿಸುವುದಿಲ್ಲ. "ಮೊದ್ಲು ಜೀವ, ಆಮ್ಯಾಕೆ ಶಾಸ್ತ್ರ" ಎಂದು ದ್ಯಾವಯ್ಯ ನರಳುತ್ತಲೇ ಸೇರಿಸುತ್ತಾನೆ. "ಅದ್ನೂ ಮೊದ್ಲೇ ಯೋಳಿದ್ರೆ ನನ್ ಎಗ್ಲು ಉಳೀತಿತ್ತು."

ಗಂಗಾಂಬಿಕೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಬರುತ್ತಾರೆ. ಹಾಸಿದ ಹಾಸಿಗೆಯ ಮೇಲೆ ಕುಳಿತು, ಕಾಲೆತ್ತಿಕೊಂಡು ಮಲಗಿ, ಚಾವಣಿಯನ್ನು ಒಮ್ಮೆ ನೋಡುತ್ತಾರೆ. ಸೊಸೆ ಮುಂದಕ್ಕೆ ಬರುತ್ತಾರೆ. ಹೊನ್ನಕ್ಕ ಸದ್ದಿಲ್ಲದೆ ಅವರ ತೋಳು ಹಿಡಿದು ತಡೆಯುತ್ತಾರೆ. ಮುದುಕಿ ಮಗ್ಗುಲಾಗುತ್ತಾರೆ, ಅಂಚಿಗೆ ಸರಿಯುತ್ತಾರೆ, ಒಂದು ಪಾದ ಊರುತ್ತಾರೆ, ಇನ್ನೊಂದು. ಎದ್ದು ನಿಲ್ಲುತ್ತಾರೆ. ನಿಂತು, ಯಾರ ಕಡೆಗೂ ತಿರುಗದೆ ಬಚ್ಚಲ ಬಾಗಿಲವರೆಗೆ ನಡೆದುಹೋಗಿ, ಅದರ ಚಿಲಕ ಹಾಕಿ ತೆಗೆದು ನೋಡಿ, ಮರಳಿ ಬಂದು ಕೂರುತ್ತಾರೆ.

"ಬಾರಮ್ಮ ಹೊನ್ನಕ್ಕ. ಕೂತ್ಕೊ" ಎಂದು ಪಕ್ಕದ ಜಾಗವನ್ನು ತಟ್ಟುತ್ತಾರೆ.

"ಬ್ಯಾಡಿ ಅಮ್ಮಾವ್ರೆ, ಸೀರೆಯೆಲ್ಲ ದೂಳು."

"ನೀನು ಹೊತ್ತಿರೋ ಮಂಚಕ್ಕೆ ನಿನ್ನ ಸೀರೆ ದೂಳು ಹೊಸದಾ? ಕೂತ್ಕೊ ಅಂದ್ನಲ್ಲ."

ಹಾಸನ ಸೀಮೆಯ ಎಷ್ಟೋ ಮಲಗುವ ಕೋಣೆಗಳನ್ನು ಸಜ್ಜು ಮಾಡಿದ ಹೊನ್ನಕ್ಕ ತಾವು ಸಾಗಿಸಿದ ಮಂಚದ ಮೇಲೆ ಇದುವರೆಗೆ ಕುಳಿತದ್ದಿಲ್ಲ. ಯಾರೂ ಕೂರಿಸಿರಲಿಲ್ಲ, ಅವರಿಗೂ ತೋಚಿರಲಿಲ್ಲ. ಸೀರೆಯನ್ನು ಎರಡು ಸಲ ಕೊಡವಿ, ಅಂಚಿನಲ್ಲಿ ಕೂರುತ್ತಾರೆ. ಆಮೇಲೆ, ಏನೋ ನಿರ್ಧರಿಸಿದಂತೆ, ಒಳಕ್ಕೆ ಸರಿದು ಸರಿಯಾಗಿ ಕೂರುತ್ತಾರೆ. ಅವರು ಕುಳ್ಳಗಿರುವುದರಿಂದ ಪಾದಗಳು ನೆಲಕ್ಕೆ ಎಟುಕದೆ ತೂಗಾಡುತ್ತವೆ. "ನಿಮ್ ಅಳ್ತೆಗೇ ಮಾಡ್ಸಿದಂಗೈತೆ ಅಮ್ಮಾವ್ರೆ" ಎಂದು ನಗುತ್ತಾರೆ. ಸೊಸೆ ಲೋಟದಲ್ಲಿ ಕಾಫಿ ತಂದು ಇಬ್ಬರಿಗೂ ಕೊಡುತ್ತಾರೆ.

ಕೆಳಗೆ ಟೆಂಪೊ ಹಾರ್ನ್ ಹೊಡೆಯುತ್ತದೆ. ನಟರಾಜು ಮೆಟ್ಟಿಲ ಬುಡದಿಂದ ಕೂಗುತ್ತಾನೆ: "ಅಕ್ಕಾ, ಹಾಸನದ ಬೀರು ಕಾಯ್ತಾ ಐತೆ. ಒತ್ತಾಯ್ತು, ಬಾ."

ಹೊನ್ನಕ್ಕ ಕಾಫಿಯನ್ನು ಒಂದು ಗುಟುಕು ಹೀರಿ, ಅದೇ ಏರದ ಇಳಿಯದ ದನಿಯಲ್ಲಿ ಉತ್ತರಿಸುತ್ತಾರೆ:

"ತಡ್ಕಳ್ಳಾ. ಕುಂತಿವ್ನಿ."