ಗುಡ್ಡದ ಕಡೆಯ ಹಾರ್ನ್

ತಂತಿ ಇದ್ದರೆ ಸ್ಪೀಕರ್ ಮಾತಾಡುತ್ತದೆ, ತಂತಿ ಕತ್ತರಿಸಿದರೆ ಸುಮ್ಮನಾಗುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಚಳ್ಳಕೆರೆಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟುಕೊಂಡೇ ಮುದುಕನಾದವನು, ಇಷ್ಟನ್ನು ಮಾತ್ರ ಚೆನ್ನಾಗಿ ಬಲ್ಲೆ. ಯಾರಾದರೂ ದೆವ್ವ, ಗಾಳಿ, ಕಾಣದ ದನಿ ಅಂತ ಶುರು ಮಾಡಿದರೆ, "ಎಲ್ಲೋ ಅರ್ಥಿಂಗ್ ಸರಿ ಇಲ್ಲ, ನೋಡ್ಕೊಳ್ರಿ" ಅಂದು ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಅಂತಲೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ದೇವಸಮುದ್ರದ ಹತ್ತಿರ ಕುರಿ ಸಾಕುವವರ ಒಂದು ಹಟ್ಟಿ ಇದೆ. ಅಲ್ಲಿಯ ಕಂಬಕ್ಕೆ ನಾಲ್ಕು ದಿಕ್ಕಿಗೆ ಹಾರ್ನ್ ಸ್ಪೀಕರ್ ಕಟ್ಟಿದವನು ನಾನೇ. ಕುರಿಗೆ ಸೂಜಿ ಹಾಕುವವರು ಬಂದರೆ, ರೇಷನ್ ಬಂದರೆ, ಗುಡುಗು ಮಳೆ ಎದ್ದರೆ ಅದರಲ್ಲಿ ಕೂಗುತ್ತಾರೆ. ಗುಡ್ಡದ ಕಡೆ ಮೊಬೈಲ್ ಸಿಗುವುದಿಲ್ಲ, ಅಲ್ಲಿ ಮೇಯಿಸುವವರಿಗೆ ಹಾರ್ನ್ ಕೂಗೇ ಗತಿ. ರಿಪೇರಿಗೆ ಹೋದಾಗಲೆಲ್ಲ ಎರಡು ಬೆರಳಲ್ಲಿ ಮೈಕ್ ತಟ್ಟಿ, ಒಮ್ಮೆ ಕೆಮ್ಮಿ, "ಬರ್ರಪ್ಪಾ, ಹಟ್ಟಿಗೆ ಬರ್ರಿ" ಅಂತ ಕೂಗಿ ನೋಡುವುದು ನನ್ನ ಅಭ್ಯಾಸ. ಹಟ್ಟಿಯ ಹುಡುಗರು ನನ್ನ ಕೆಮ್ಮನ್ನೂ ಅಣಕಿಸುತ್ತಾರೆ.

ಹೋದ ವರ್ಷ ಆ ಸೆಟ್ ಬದಲಾಯಿಸುವ ಮಾತು ಬಂತು. ಹಳೆಯ ತರಹದ್ದೋ, ನೆಟ್‌ನಿಂದ ನಡೆಯುವ ಸ್ಪೀಕರೋ ಅಂತ ನನ್ನನ್ನೇ ಕೇಳಿದರು. ಹಳೆಯದು ದಡ್ಡ, ಒಂದು ಕೂಗಿದ್ದನ್ನೇ ಎಲ್ಲವೂ ಕೂಗುತ್ತವೆ. ಆದರೆ ಕರೆಂಟ್ ಹೋದರೆ ವ್ಯಾನಿನ ಬ್ಯಾಟರಿಗೆ ಹಚ್ಚಿದರೂ ದನಿ ಬರುತ್ತದೆ. ನೆಟ್ ಸ್ಪೀಕರ್ ಜಾಣ. ಶಾಲೆಗೊಂದು ಮಾತು, ಗುಡಿಗೊಂದು ಮಾತು ಕಳಿಸಬಹುದು, ಮನೆಯಲ್ಲಿ ಕೂತು ಮೊಬೈಲಿನಿಂದಲೇ ಕೂಗಬಹುದು. ಆದರೆ ನೆಟ್ ಡಬ್ಬಿ ಮಲಗಿದರೆ ಎಲ್ಲವೂ ಮೂಕ. ಎಲ್ಲ ತೂಗಿ ನೋಡಿ ನೆಟ್‌ನದ್ದೇ ಹಾಕಿ ಅಂದೆ. ಅದರಲ್ಲಿ ತಪ್ಪಿಲ್ಲ ಅಂತ ಈಗಲೂ ಅನಿಸುತ್ತದೆ. ತಪ್ಪಾದದ್ದು ಬೇರೆ ಕಡೆ.

ಹಟ್ಟಿಯಲ್ಲಿ ಮೈಕ್ ನೋಡಿಕೊಳ್ಳುವವನು ಓಬಯ್ಯ, ನನ್ನ ವಾರಿಗೆಯವನು. ಅವನು ಒಂದೇ ಮಾತು ಕೇಳಿಕೊಂಡ. "ಸಾಬ್ರೇ, ಹೊಸದು ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಗುಡ್ಡದ ಕಡೆ ಮುಖ ಮಾಡೈತಲ್ಲ, ಆ ಹಳೇದೊಂದು ಇರ್ಲಿ. ಹೊಸದು ಒಂದು ಮಳೆಗಾಲ ದಾಟ್ಲಿ, ಆಮ್ಯಾಲೆ ಬಿಚ್ಚಿರಂತೆ." ಆಯ್ತು ಅಂದೆ. ನಮ್ಮ ಕಸುಬಿನಲ್ಲೂ ಅದೇ ರೂಢಿ: ಹೊಸದನ್ನು ನಂಬುವವರೆಗೆ ಹಳೆಯದೊಂದು ಲೈನ್ ಇಟ್ಟಿರಬೇಕು.

ಹೊಸವನ್ನು ಕೂರಿಸಿ, ಹಳೆಯವನ್ನು ಬಿಚ್ಚುತ್ತಿದ್ದಾಗ ಬಳ್ಳಾರಿಯಿಂದ ಅಳಿಯನ ಫೋನ್ ಬಂತು. ಮಗಳನ್ನು ಹೆರಿಗೆಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ, ಜಲ್ದಿ ಬನ್ನಿ ಅಂದ. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಆಗಲೇ ಹೊರಡಬೇಕು ಅನಿಸಿತು. ಆ ಒಂದು ಹಾರ್ನ್ ಉಳಿಸಬೇಕಾದರೆ ಬೇರೆ ತಂತಿ ಎಳೆದು, ಬ್ಯಾಟರಿ ಇಟ್ಟು ಹೋಗಬೇಕಿತ್ತು. ಓಬಯ್ಯ ಹೊಲಕ್ಕೆ ಹೋಗಿದ್ದ. ನಾಲ್ಕನ್ನೂ ಬಿಚ್ಚಿ ವ್ಯಾನಿಗೆ ಹಾಕಿಕೊಂಡು ಹೊರಟೆ. ಮರೆತೆ ಅಂತ ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ನಾಳೆ ಬಂದು ಕಟ್ಟಿದರಾಯಿತು ಅಂದುಕೊಂಡೆ. ರಾಂಪುರ ದಾಟುವಾಗ ವ್ಯಾನಿನ ಕನ್ನಡಿಯಲ್ಲಿ, ಹಿಂದಿನ ಗುಡ್ಡಗಳ ಮೇಲೆ ಮೋಡ ಕಪ್ಪಗೆ ಇಳಿದಿದ್ದು ಕಾಣಿಸಿತು. ವ್ಯಾನ್ ತಿರುಗಿಸಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಮೊಮ್ಮಗಳನ್ನು ನನ್ನ ಕೈಯಲ್ಲಿಟ್ಟರು. ಏನು ಹೇಳಲಿ, ಬಿಸಿ ರೊಟ್ಟಿ ಹಿಡಿದ ಹಾಗಿತ್ತು, ಕೆಳಗಿಡಲು ಮನಸ್ಸಿಲ್ಲ, ಹಿಡಿಯಲು ಧೈರ್ಯವಿಲ್ಲ. ಹುಟ್ಟಿದ ಕೂಸಿನ ಕಿವಿಯಲ್ಲಿ ಮೆಲ್ಲಗೆ ಅಜಾನ್ ಹೇಳುವುದು ನಮ್ಮ ಪದ್ಧತಿ. ಹೇಳುವ ಮುಂಚೆ, ನನಗೆ ಗೊತ್ತಿಲ್ಲದ ಹಾಗೆ, ಕೂಸು ಸುತ್ತಿದ್ದ ಬಟ್ಟೆಯ ಮೇಲೆ ಎರಡು ಬೆರಳಲ್ಲಿ ತಟ್ಟಿ ಕೆಮ್ಮಿದೆ. ನರ್ಸಮ್ಮ ನಕ್ಕು, "ಏನ್ ತಾತ, ಮೈಕ್ ಟೆಸ್ಟಿಂಗಾ?" ಅಂದಳು. ಎಲ್ಲರೂ ನಕ್ಕೆವು.

ಮರುದಿನ ಬೆಳಿಗ್ಗೆ ಹಾರ್ನ್ ಕಟ್ಟಲು ಹಟ್ಟಿಗೆ ಹೋದರೆ ಓಬಯ್ಯ ಓಡಿ ಬಂದು ನನ್ನನ್ನು ತಬ್ಬಿಕೊಂಡ. "ಕರೆಂಟ್ ಹೋತು, ನೆಟ್ ಹೋತು, ನಿಮ್ಮ ಹೊಸವು ಒಂದೂ ಉಸುರು ಬಿಡ್ಲಿಲ್ಲ. ನೀವು ಹಳೇದ್ರಾಗೆ ಕೂಗಿದ್ದಕ್ಕೆ ನನ್ನ ಸೊಸಿ ಉಳಿದ್ಲು" ಅಂದ. ಸೊಸೆ ತಿಪ್ಪಮ್ಮ ಗುಡ್ಡದ ಬುಡದ ಹುಣಸೆಮರದ ಕೆಳಗೆ ಕುರಿಗಳ ಜೊತೆ ಮಳೆಗೆ ನಿಂತಿದ್ದಳಂತೆ. ಚಹಾದ ಹೊತ್ತು. ಎರಡು ಸಲ ಟಕ್ ಟಕ್ ಅಂದಿತಂತೆ, ಕೆಮ್ಮು ಕೇಳಿತಂತೆ, ಆಮೇಲೆ, "ಬರ್ರಪ್ಪಾ, ಹಟ್ಟಿಗೆ ಬರ್ರಿ." ಅವಳು ಕುರಿ ಹೊಡೆದುಕೊಂಡು ಸ್ವಲ್ಪ ದೂರ ಬರುವಷ್ಟರಲ್ಲಿ ಆ ಮರಕ್ಕೇ ಸಿಡಿಲು. ಗುಡ್ಡದ ಕಡೆ ಇದ್ದವರೆಲ್ಲ ಕೂಗು ಕೇಳಿದ್ದಾರೆ, ಅದೇ ಕಡೆಯ ಹೊಲದಲ್ಲಿದ್ದ ಓಬಯ್ಯನೂ ಕೇಳಿದ್ದಾನೆ. ಹಟ್ಟಿಯ ಒಳಗಿದ್ದವರಿಗೆ ಏನೂ ಕೇಳಿಸಿಲ್ಲ.

ನಾನು ಓಬಯ್ಯನ ಕೈ ಹಿಡಿದು ವ್ಯಾನಿನ ಹತ್ತಿರ ಕರೆದುಕೊಂಡು ಹೋದೆ. ಹಾರ್ನ್ ತೋರಿಸಿದೆ, ಕತ್ತರಿಸಿದ ತಂತಿ ತೋರಿಸಿದೆ. ನಾನು ಬಳ್ಳಾರಿಯಲ್ಲಿದ್ದೆ, ನಿನಗೆ ಕೊಟ್ಟ ಮಾತು ನಡೆಸಲಿಲ್ಲ ಅಂದೆ. ಅವನು ನಕ್ಕುಬಿಟ್ಟ.

"ಸುಮ್ನಿರ್ರಿ ಸಾಬ್ರೇ. ಕೂಗಿ ಆದ ಮ್ಯಾಲೆ ಬಿಚ್ಚಿಕೊಂಡು ಹೋಗೀರಿ. ನಿಮ್ಮ ಕೆಮ್ಮು ನನಗೆ ಗೊತ್ತಿಲ್ಲೇನು?"

ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಹಟ್ಟಿಯವರು ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದರು. ಆ ಹಾರ್ನನ್ನು ಅವತ್ತೇ ಬ್ಯಾಟರಿ ಸಮೇತ ಕಟ್ಟಿದೆ. ನೀನೇ ಕೂಗಿ ನೋಡು ಅಂತ ಮೈಕನ್ನು ಓಬಯ್ಯನ ಕೈಗೆ ಕೊಟ್ಟೆ. ಆಮೇಲೆ ಹೋಗಿ ಆ ಮರ ನೋಡಿದೆ. ಬುಡದ ತನಕ ಸೀಳಿತ್ತು.

ತಿಪ್ಪಮ್ಮ ಅದೇ ಕುರಿಗಳ ಉಣ್ಣೆಯಲ್ಲಿ ನೇಯಿಸಿದ ಚಿಕ್ಕ ಕಂಬಳಿಯೊಂದನ್ನು ಮೊಮ್ಮಗಳಿಗೆ ಕಳಿಸಿದ್ದಾಳೆ. ಕೂಸು ಅದರ ಮೇಲೆಯೇ ಮಲಗುತ್ತದೆ. ಈಗ ಎರಡು ಹಲ್ಲು ಬಂದಿವೆ. ಬಾಗಿಲಲ್ಲಿ ನನ್ನ ಕೆಮ್ಮು ಕೇಳಿದರೆ ಸಾಕು, ಅಂಬೆಗಾಲಿಟ್ಟು ಬರುತ್ತದೆ. ಎತ್ತಿಕೊಂಡರೆ ಜಗತ್ತೇ ಸಿಕ್ಕಿದ ಹಾಗಾಗುತ್ತದೆ. ಆದರೆ ಅದನ್ನು ಮಲಗಿಸಿ ಆ ಕಂಬಳಿ ಸರಿಮಾಡುವಾಗ ನನ್ನ ಕೈ ಹಿಂದಕ್ಕೆ ಬರುತ್ತದೆ. ಇದು ಬೇರೆ ಯಾರಿಗೋ ಸಲ್ಲಬೇಕಾದದ್ದು. ಅವರು ಯಾರೋ ನನಗೆ ತಿಳಿಯದು. ಅವತ್ತು ಗುಡ್ಡದವರನ್ನು ನಾನಂತೂ ಕರೆಯಲಿಲ್ಲ.